ದ್ವಾದಶಿಯ ನೀರು

ಹೊಸಪೇಟೆ
4 ಸೆಪ್ಟೆಂಬರ್ 1936

ತಾಯಿಯ ಸ್ಥಾನದಲ್ಲಿರುವ ಗೋದಕ್ಕನಿಗೆ ತಮ್ಮ ಪ್ರಭಂಜನನ ನಮಸ್ಕಾರಗಳು.

ಹೊಳೆಯ ಮೆಟ್ಟಿಲ ಮೇಲೆ ಜಾರಿಬಿದ್ದ ಸುದ್ದಿಯನ್ನು ನೀನು ಬರೆಯಲೇ ಇಲ್ಲ. ಕಂಪ್ಲಿಯಿಂದ ಬಸ್ಸಿನಲ್ಲಿ ಬಂದ ತಿರುಮಲಾಚಾರ್ಯರು ಹೇಳಿ ಗೊತ್ತಾಯಿತು. ಮೊಣಕಾಲು ಸೋರೆಕಾಯಿಯಂತೆ ಊದಿದ್ದರೂ ಮರುದಿನವೇ ಒದ್ದೆ ಸೀರೆಯಲ್ಲಿ ಕೊಡ ಹೊತ್ತು ಮೆಟ್ಟಿಲು ಹತ್ತಿದಳು ಎಂದರು. ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಐವತ್ತು ದಾಟಿದ ಮೇಲೂ ಇದೇನು ಹಟ ಅಕ್ಕಾ? ಮಡಿ ನೀರಿಗಾಗಿ ಪ್ರಾಣ ಕೊಡಬೇಕೇನು?

ಈಗ ನನ್ನ ಮಾತು ಕೇಳು. ನಮ್ಮ ಊರಿಗೆ ನಲ್ಲಿ ಬಂದಿದೆ. ನಮ್ಮ ಬೀದಿಯ ಮೂಲೆಯಲ್ಲಿ ಒಂದು, ನನ್ನ ಮನೆಯ ಹಿತ್ತಲಲ್ಲಿ ಇನ್ನೊಂದು. ಇಳಿಬಾವಿಗಳ ನೀರಿನಿಂದ ಕಾಲಿಗೆಲ್ಲ ನಾರುಹುಣ್ಣು ಏಳುತ್ತಿತ್ತೆಂದು ಅವನ್ನು ಮುಚ್ಚಿಸಿದರು. ಈಗ ಕಾಲುವೆಯ ನೀರು ಮೊದಲು ಮರಳಿನಲ್ಲಿ ಸೋಸಿ ಇಳಿಯುತ್ತದೆ, ಆಮೇಲೆ ಎತ್ತರದ ಟಾಂಕಿಗೆ ಏರುತ್ತದೆ. ಅಲ್ಲಿ ಸಂಜೆ ಔಷಧದ ಪುಡಿ ಕಲೆಸುತ್ತೇವೆ. ಬೆಳಗಿನ ಜಾವ ನಾಲ್ಕಕ್ಕೆ ಬೀದಿಗೆ ಬಿಡುತ್ತೇವೆ. ಇದೆಲ್ಲದರ ಓವರ್‌ಸಿಯರ್ ನಿನ್ನ ತಮ್ಮನೇ.

ಪುಡಿ ಹಾಕುವವನು, ನೀರು ಬಿಡುವವನು ಜಂಬಯ್ಯ. ಅಂಥ ಮನುಷ್ಯನನ್ನು ನಾನು ನೋಡಿಲ್ಲ. ಹದಿನೈದು ದಿನಕ್ಕೊಮ್ಮೆ ಟಾಂಕಿ ಬರಿದು ಮಾಡಿ, ತಾನೇ ಬರಿಗಾಲಲ್ಲಿ ಒಳಗಿಳಿದು, ತೆಂಗಿನ ನಾರಿನಿಂದ ಗೋಡೆ, ನೆಲ, ಮೂಲೆಮೂಲೆ ತಿಕ್ಕುತ್ತಾನೆ. "ಅನ್ನದ ಬೋಗುಣಿ ತೊಳದಂಗ ತೊಳೀತೀನ್ರಿ ಸಾಹೇಬ್ರ, ಬೇಕಾದ್ರ ಇಳದು ನೋಡ್ರಿ" ಅನ್ನುತ್ತಾನೆ. ನೋಡಿದ್ದೇನೆ. ಕನ್ನಡಿಯಲ್ಲಿ ಕಂಡಂತೆ ಮುಖ ಕಾಣುತ್ತದೆ.

ಅಮ್ಮ ಒಂದೇ ದಿನದಲ್ಲಿ ವಾಂತಿಭೇದಿಗೆ ಹೋದಾಗ ನನಗೆ ಐದು ವರ್ಷ, ನಿನಗೆ ಹದಿನೇಳು. ನೀನು ಆಗತಾನೇ ಕುಂಕುಮ ಕಳೆದುಕೊಂಡು ಮನೆಗೆ ಬಂದಿದ್ದೆ. ಅಂದು ಮನೆಯಲ್ಲಿದ್ದದ್ದು ಅದೇ ಹೊಳೆಯ ನೀರು. ಅದು ನನಗೆ ಮರೆತಿಲ್ಲ. ಈ ಕೆಲಸ ಸಿಕ್ಕಾಗ ಮೊದಲು ನೆನಪಾದದ್ದು ನೀನು. ನನ್ನ ಅಕ್ಕ ಹೊಳೆಯ ನೀರು ಕುಡಿಯುವುದನ್ನು ಬಿಡಿಸಲಾಗದಿದ್ದರೆ ಈ ಊರಿಗೆಲ್ಲ ನೀರು ಕುಡಿಸಿ ಏನು ಮಾಡಲಿ? ದಸರೆ ಮುಗಿಸಿಕೊಂಡು ಬಾ. ತುಳಸಿ ಲಗ್ನದವರೆಗೆ ಇರು. ನಿನ್ನ ಸೊಸೆಯಂತಿರುವ ಸೀತಾ ದಿನಾ ಕೇಳುತ್ತಾಳೆ.

ನಿನ್ನ
ಪ್ರಭಂಜನ


ಕಂಪ್ಲಿ
15 ಸೆಪ್ಟೆಂಬರ್ 1936

ಚಿರಂಜೀವಿ ಪ್ರಭುವಿಗೆ ಅಕ್ಕನ ಆಶೀರ್ವಾದ.

ತಿರುಮಲಾಚಾರ್ಯರಿಗೆ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಬಿದ್ದದ್ದು ನಾನು, ಊದಿದ್ದು ನನ್ನ ಕಾಲು, ಅದಕ್ಕೆ ಅವರದೇನು ಡಂಗುರ? ಹರಳೆಣ್ಣೆ ಹಚ್ಚಿ ಬಿಸಿಬೂದಿಯ ಗಂಟು ಕಟ್ಟಿದೆ, ಇಳಿಯಿತು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಟಾಂಕಿ, ಮರಳು, ಪುಡಿ ಎಂದು ಮದುವೆಯ ಸಡಗರದ ಹಾಗೆ ಬರೆದಿದ್ದೀಯೆ. ಸಂತೋಷ. ನನ್ನ ಕೈಯಲ್ಲಿ ಸ್ಲೇಟು ಹಿಡಿಸಿ ಅಕ್ಷರ ಕಲಿಸಿದ ಹುಡುಗ ಊರಿಗೆ ನೀರು ಕುಡಿಸುವವನಾದ ಎಂದರೆ ನನಗೆ ಹೆಮ್ಮೆ ಇಲ್ಲವೇ? ಆದರೆ ನನ್ನನ್ನು ಬಿಡು ಮಾರಾಯ.

ನಲ್ಲಿಯೊಳಗೆ ತೊಗಲಿನ ಬಿಲ್ಲೆ ಇರುತ್ತದಂತೆ. ತೊಗಲು ಸೋಕಿದ ನೀರಿನಲ್ಲಿ ನಾನು ದೇವರಿಗೆ ಅಭಿಷೇಕ ಮಾಡಲೇ? ಆ ಪುಡಿಯ ವಿಷಯವಂತೂ ಹೇಳಬೇಡ. ಬಳ್ಳಾರಿಯ ಮುಂಜಿಮನೆಯಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ, ದವಾಖಾನೆಯನ್ನೇ ನೆಕ್ಕಿದ ಹಾಗಾಯಿತು. ಉಳಿದ ದಿನ ಕಾಯಿಸಿದರೆ ವಾಸನೆ ಹೋದೀತು, ಒಪ್ಪಿದೆ. ದ್ವಾದಶಿಗೆ ಏನು ಮಾಡಲಿ? ಏಕಾದಶಿಯಿಡೀ ಒಂದು ಹನಿ ನೀರು ಮುಟ್ಟದೆ ಕೂತು, ಮರುದಿನ ನಸುಕಿನಲ್ಲಿ ಉಪವಾಸ ಬಿಡುವಾಗ ಬಾಯಿಗೆ ಬೀಳುವ ಮೊದಲ ಗುಟುಕು ದೇವರ ತೀರ್ಥ. ತೀರ್ಥದ ನೀರನ್ನು ಕಾಯಿಸುವಂತಿಲ್ಲ. ಬರಿಹೊಟ್ಟೆಗೆ ಆ ಪುಡಿಯ ನಾತ ಹೋದರೆ ಪಾರಣೆ ಹೊರಗೇ ಬಂದೀತು.

ನೀನು ಸಣ್ಣವನಿದ್ದಾಗಲೂ ಹೀಗೇ. ಒಂದು ಹಿಡಿದರೆ ಹಿಡಿದದ್ದೇ. ಈ ವಿಷಯ ಇಲ್ಲಿಗೆ ಮುಗಿಯಿತು. ಸೀತಾಬಾಯಿಗೆ ಮೆಂತ್ಯದ ಹಿಟ್ಟು ಕಳಿಸಿದ್ದೇನೆ.

ಗೋದಾಬಾಯಿ


ಹೊಸಪೇಟೆ
22 ಸೆಪ್ಟೆಂಬರ್ 1936

ಗೋದಕ್ಕನಿಗೆ ನಮಸ್ಕಾರಗಳು.

ಮುಗಿಯಲಿಲ್ಲ. ತೊಗಲಿನ ಮಾತು ಮೊದಲು. ಬಳ್ಳಾರಿಯಿಂದ ರಬ್ಬರಿನ ಬಿಲ್ಲೆ ತರಿಸಿದೆ. ನಿನ್ನೆ ಸ್ನಾನ ಮಾಡಿ, ಪಂಚೆ ಉಟ್ಟು, ನನ್ನ ಕೈಯಾರೆ ಹಿತ್ತಲ ನಲ್ಲಿಗೆ ಹಾಕಿದೆ. ಸೀತಾ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ನಗಲಿ.

ಪುಡಿ ಹಾಕದೆ ಬಿಡುವುದು ನನ್ನ ಕೈಯಲ್ಲಿಲ್ಲ ಎಂದೇ ಬರೆಯಬೇಕೆಂದಿದ್ದೆ. ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಜಂಬಯ್ಯನ ಹತ್ತಿರ ಹೇಳಿಕೊಂಡೆ. ಅವನು ತಲೆ ಕೆರೆದುಕೊಂಡು, "ಹದಿನೈದು ದಿನಕ್ಕೊಂದ್ಸಲ ಅಲ್ಲೇನ್ರಿ? ಏಕಾದಶಿ ಸಂಜಿಗೆ ಪುಡಿ ಹಾಕೂದು ಬ್ಯಾಡ. ದ್ವಾದಶಿ ದಿನ ನಾಕರಿಂದ ಎಂಟರ ತನಕ ಬರೇ ಸೋಸಿದ ನೀರು ಬಿಡೋಣು. ಎಂಟಕ್ಕ ಹಾಕಿಬಿಡ್ತೀನಿ. ಆ ತಾಯಿ ನಮ್ಮ ನೀರು ಕುಡೀತಾಳ ಅಂದ್ರ ನನಗೂ ಒಂದೀಟು ಪುಣ್ಯ ಬರ್ಲಿ ಬಿಡ್ರಿ" ಅಂದ.

ನಿಯಮಕ್ಕೆ ಇದು ವಿರುದ್ಧ. ಹೊರಗೆ ಯಾರಿಗೂ ಹೇಳಬೇಡ. ನಾಲ್ಕು ತಾಸಿನ ಮಾತು, ಕಾಲುವೆ ಈಗ ತಿಳಿಯಾಗಿದೆ, ಮರಳಿನ ಸೋಸು ಇದ್ದೇ ಇದೆ. ಊರಿನಲ್ಲಿ ಎಲ್ಲಿಯೂ ಕಾಯಿಲೆ ಇಲ್ಲ. ಇನ್ನು ನಿನಗೆ ಯಾವ ನೆಪವೂ ಉಳಿಯಲಿಲ್ಲ. ದಶಮಿಯ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಗಾಡಿ ಹೂಡಿಸಿಕೊಂಡು ನಿಂತಿರುತ್ತೇನೆ.

ಪ್ರಭಂಜನ


ಕಂಪ್ಲಿ
8 ಅಕ್ಟೋಬರ್ 1936

ಚಿ. ಪ್ರಭುವಿಗೆ ಆಶೀರ್ವಾದ.

ಪಂಚೆ ಉಟ್ಟು ನಲ್ಲಿ ರಿಪೇರಿ ಮಾಡಿದ ಓವರ್‌ಸಿಯರ್ ಈ ಜಿಲ್ಲೆಯಲ್ಲಿ ನೀನೊಬ್ಬನೇ ಇರಬೇಕು. ಓದಿ ನಕ್ಕೆ, ಆಮೇಲೆ ಕಣ್ಣಲ್ಲಿ ನೀರು ಬಂತು. ಸೋತೆನಪ್ಪ. ನಿನಗೆ ಬೇಡ ಅಂದು ಅಂದು ನನ್ನ ನಾಲಿಗೆಯೇ ಸವೆಯಿತು.

ದಶಮಿಯ ಮರುದಿನ ಏಕಾದಶಿ, ಉಪವಾಸದಲ್ಲೇ ಬಸ್ಸು ಹತ್ತುತ್ತೇನೆ. ನನ್ನ ತಾಮ್ರದ ಕೊಡ, ಸಾಲಿಗ್ರಾಮದ ಪೆಟ್ಟಿಗೆ ನನ್ನ ತೊಡೆಯ ಮೇಲೇ ಇರುತ್ತವೆ, ಬಸ್ಸಿನ ಮೇಲೆ ಏರಿಸಲು ಬಿಡುವುದಿಲ್ಲ, ಡ್ರೈವರನಿಗೆ ಮೊದಲೇ ಹೇಳಿಸಿಡು.

ಗೋದಾಬಾಯಿ


ಕಂಪ್ಲಿ
30 ನವೆಂಬರ್ 1936

ಚಿ. ಪ್ರಭು, ಸೌ. ಸೀತಾಬಾಯಿ ಇಬ್ಬರಿಗೂ ಅಕ್ಕನ ಆಶೀರ್ವಾದ.

ಗುರುವಾರ ಸುಖವಾಗಿ ಬಂದು ಮುಟ್ಟಿದೆ. ಬುಕ್ಕಸಾಗರದ ಹತ್ತಿರ ಬಸ್ಸಿನ ಚಕ್ರ ಗಾಳಿ ಬಿಟ್ಟು ಎರಡು ತಾಸು ಭತ್ತದ ಗದ್ದೆಯ ಬದುವಿನಲ್ಲಿ ಕೂರಿಸಿತು. ಅದೊಂದು ಬಿಟ್ಟರೆ ತೊಂದರೆಯಿಲ್ಲ.

ಒಂದು ತಿಂಗಳು ಅರಮನೆಯಲ್ಲಿದ್ದ ಹಾಗೆ ಇದ್ದೆ. ಮೊಣಕಾಲಿನ ನೋವು ಹೋಗಿದೆ. ನಿನಗೆ ಸಮಾಧಾನ ಆಯಿತಲ್ಲವೇ? ಮೂರು ದ್ವಾದಶಿಯ ಪಾರಣೆಯೂ ನಿನ್ನ ನಲ್ಲಿಯ ನೀರಿನಲ್ಲೇ ಆಯಿತು. ಚೆನ್ನಾಗಿತ್ತು ನೀರು. ವಾಸನೆ ಇರಲಿಲ್ಲ. ಮೂರನೆಯದು, ತುಳಸಿ ಲಗ್ನದ ದಿನದ್ದು, ಎಳನೀರಿನ ಹಾಗಿತ್ತು ಎಂದು ಅಂದೇ ನಿನಗೆ ಹೇಳಿದೆನಲ್ಲ.

ಅಂದು ನಸುಕಿನಲ್ಲಿ ಜಂಬಯ್ಯ ನೀರು ಬಿಟ್ಟು ನೇರ ನಮ್ಮ ಹಿತ್ತಲ ಬಾಗಿಲಿಗೆ ಬಂದ. ದೂರದಲ್ಲೇ ಕೈಮುಗಿದು ನಿಂತು, "ಕೊಡ ತುಂಬಿದ್ರೇನ್ರಿ ತಾಯಿ? ಕುಡದ್ರೇನ್ರಿ?" ಎಂದ. ತುಂಬಿದೆನಪ್ಪ ಎಂದೆ. ಅವನ ಮುಖ ನೋಡಬೇಕಿತ್ತು. ಜೊತೆಯಲ್ಲಿ ಮಗಳು ಹೊಳೆಮ್ಮ ಇದ್ದಳು. ಚೊಚ್ಚಲ ಬಸುರಿ, ಏಳು ತಿಂಗಳು. ಗಂಡ ಸಂಡೂರಿನ ಗುಡ್ಡದಲ್ಲಿ ಮ್ಯಾಂಗನೀಸ್ ಅಗೆಯುವವನು. ಅಲ್ಲಿ ಕೆಂಪು ಕೆಸರು ನೀರು ಕುಡಿದು ಹೊಟ್ಟೆ ಕೆಡುತ್ತದೆ, ಇಲ್ಲಿ ನಮ್ಮ ನಲ್ಲಿ ನೀರಿದೆ, ಹೆರಿಗೆ ಇಲ್ಲೇ ಎಂದು ಜಂಬಯ್ಯನೇ ಕರೆದುಕೊಂಡು ಬಂದನಂತೆ. ಲಕ್ಷಣವಾದ ಹುಡುಗಿ. ತುಳಸಿಯ ಮುಂದಿಟ್ಟಿದ್ದ ನೆಲ್ಲಿಕಾಯಿ, ಕಬ್ಬಿನ ತುಂಡು ಕೊಟ್ಟೆ. ಅವಳಿಗೆ ಹುಳಿ ಬೇಕಿತ್ತೋ ಏನೋ, ಅಲ್ಲೇ ನಿಂತು ತಿಂದಳು.

ಮಾಘದಲ್ಲಿ ಅವಳಿಗೆ ದಿನ ತುಂಬುತ್ತದೆ. ಗಂಡೋ ಹೆಣ್ಣೋ ಬರೆ. ಕುಲಾವಿ ಹೊಲಿದು ಕಳಿಸುತ್ತೇನೆ.

ಗೋದಾಬಾಯಿ


ಹೊಸಪೇಟೆ
4 ಡಿಸೆಂಬರ್ 1936

ಅಕ್ಕನಿಗೆ.

ಇಲ್ಲಿ ಬಜಾರದ ಕಡೆ ವಾಂತಿಭೇದಿ ಕಾಣಿಸಿಕೊಂಡಿದೆ. ನಾವು ಕ್ಷೇಮ. ನೀನು ಯಾವ ಕಾರಣಕ್ಕೂ ಈ ಕಡೆ ಬರಬೇಡ, ಬರುವವರ ಕೈಯಲ್ಲಿ ಏನೂ ಕಳಿಸಬೇಡ. ಹೊಳೆಯ ನೀರನ್ನು ಕುದಿಸಿ ಕುಡಿ. ದ್ವಾದಶಿಗೂ ಕುದಿಸು, ದೇವರು ಏನೂ ಅನ್ನುವುದಿಲ್ಲ.

ಬರೆಯಲು ಪುರುಸೊತ್ತಿಲ್ಲ. ಉತ್ತರ ಬರೆಯದಿದ್ದರೂ ನಡೆದೀತು.

ಪ್ರಭಂಜನ


ಕಂಪ್ಲಿ
14 ಡಿಸೆಂಬರ್ 1936

ಚಿ. ಪ್ರಭುವಿಗೆ.

ಉತ್ತರ ಬರೆಯದಿದ್ದರೂ ನಡೆದೀತು ಎಂದು ಬರೆದಿದ್ದೀಯೆ. ಮೂವತ್ತು ವರ್ಷದಲ್ಲಿ ಅಂಥ ಮಾತು ನಿನ್ನ ಕೈಯಿಂದ ಬಂದದ್ದು ಇದೇ ಮೊದಲು. ಆ ಕಾಗದದಲ್ಲಿ ನಮಸ್ಕಾರವೂ ಇಲ್ಲ.

ಹತ್ತು ದಿನ ಕಾದೆ. ಪೋಸ್ಟಿನವನು ಓಣಿಗೆ ಬಂದರೆ ಜಗಲಿಗೆ ಓಡುತ್ತೇನೆ. ಅವನು ನನ್ನ ಮುಖ ನೋಡಿ, "ಇಲ್ಲ ಬಿಡ್ರಿ ಅಮ್ಮಾರ" ಎಂದು ಮೊದಲೇ ಕೈ ಆಡಿಸುತ್ತಾನೆ. ಕಾಯಿಲೆಯ ಗದ್ದಲ ಇರಬಹುದು, ಒಪ್ಪುತ್ತೇನೆ. ಆದರೆ ಎರಡು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ನನ್ನ ಮೇಲೆ ನಿನಗೆ ಏನೋ ಸಿಟ್ಟು ಬಂದಿದೆ. ನನ್ನ ಮಡಿಯಿಂದ ಸೀತಾಬಾಯಿಗೆ ಕಷ್ಟವಾಯಿತೇ? ಅವಳು ಏನಾದರೂ ಹೇಳಿದಳೇ? ಅಥವಾ ಪಕ್ಕದ ಮನೆಯ ಗಂಗಾಬಾಯಿ ನಿನಗೆ ಏನಾದರೂ ಹೇಳಿದಳೇ? ಹೇಳಿದ್ದರೆ ನನಗೆ ನೇರ ಬರೆ. ನಾನು ಹಿರಿಯಳು, ತಪ್ಪಿದ್ದರೆ ಒಪ್ಪಿಕೊಳ್ಳುತ್ತೇನೆ. ಹೀಗೆ ಮುಖ ತಿರುಗಿಸಿಕೊಂಡು ಕೂತರೆ ನಾನು ಯಾರ ಹತ್ತಿರ ಹೋಗಲಿ?

ಬಜಾರದ ಕಡೆ ಎಂದರೆ ಜಂಬಯ್ಯನ ಕೇರಿಯ ಹತ್ತಿರವಲ್ಲವೇ? ಆ ಬಸುರಿ ಹುಡುಗಿಯನ್ನು ಹುಷಾರಾಗಿ ಇಟ್ಟುಕೊಳ್ಳಲು ಹೇಳು.

ಅಕ್ಕ


ಹೊಸಪೇಟೆ
21 ಡಿಸೆಂಬರ್ 1936

ಅಕ್ಕಾ,

ನಿನ್ನ ಮೇಲೆ ಸಿಟ್ಟಿಲ್ಲ. ಗಂಗಾಬಾಯಿಯೂ ಏನೂ ಹೇಳಿಲ್ಲ, ಸೀತಾಳೂ ಹೇಳಿಲ್ಲ. ನಿನ್ನ ಕಾಗದ ಬಂದ ದಿನದಿಂದ ಐದು ಸಲ ಬರೆಯಲು ಕೂತು ಐದು ಸಲ ಹರಿದು ಹಾಕಿದೆ. ಇಂದು ಹರಿಯುವುದಿಲ್ಲ.

ಹೊಳೆಮ್ಮ ತೀರಿಕೊಂಡಳು. ನೀನು ಕಂಪ್ಲಿಯಿಂದ ಕುಲಾವಿಯ ಮಾತು ಬರೆಯುವ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು.

ಹೇಗಾಯಿತೆಂದರೆ ಹೇಳುತ್ತೇನೆ. ಕಾಲುವೆಯ ಮೇಲುಗಡೆ ಒಂದು ಹಳ್ಳಿಯಲ್ಲಿ ಸೋಮವಾರದಿಂದಲೇ ಕಾಯಿಲೆ ಎದ್ದಿತ್ತಂತೆ. ಏಕಾದಶಿಯ ದಿನ ಮಂಗಳವಾರ, ರೋಗಿಗಳ ಬಟ್ಟೆಗಳನ್ನು ಕಾಲುವೆಯಲ್ಲಿ ಒಗೆದಿದ್ದಾರೆ. ನಮಗೆ ಸುದ್ದಿ ಮುಟ್ಟಿದ್ದು ಶುಕ್ರವಾರ. ಮಂಗಳವಾರ ಸಂಜೆ ಆ ನೀರು ಟಾಂಕಿಗೆ ಏರಿತು. ಅಂದು ಪುಡಿ ಹಾಕಿರಲಿಲ್ಲ. ಮರಳಿನ ಸೋಸು ಇದೆ ಎಂದು ನಿನಗೆ ಎಷ್ಟು ಧೈರ್ಯವಾಗಿ ಬರೆದಿದ್ದೆ! ಮರಳು ಕಸ ಹಿಡಿಯುತ್ತದೆ, ಇದನ್ನು ಹಿಡಿಯುವುದಿಲ್ಲ. ಅದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಬುಧವಾರ ತುಳಸಿ ಲಗ್ನದ ದ್ವಾದಶಿ. ನಾಲ್ಕರಿಂದ ಎಂಟರವರೆಗೆ ಊರೆಲ್ಲ ಆ ನೀರು ತುಂಬಿಕೊಂಡಿತು. ಒಟ್ಟು ಒಂಬತ್ತು ಜನ ಹೋದರು.

ಹೊಳೆಮ್ಮನಿಗೆ ಶನಿವಾರ ಮಧ್ಯಾಹ್ನ ಸುರುವಾಯಿತು. ನಾನು ಹೋದಾಗ ಅವಳ ಕಣ್ಣುಗಳು ಗುಳಿಬಿದ್ದಿದ್ದವು, ಬೆರಳ ತುದಿ ಸುಕ್ಕುಗಟ್ಟಿತ್ತು. ನೀರು, ನೀರು ಎನ್ನುತ್ತಿದ್ದಳು. ಅವಳ ತಾಯಿ ಉಚ್ಚೆಂಗಮ್ಮ ಮಡಕೆಯಿಂದ ಮೊಗೆಮೊಗೆದು ಕುಡಿಸುತ್ತಿದ್ದಳು. ಬುಧವಾರ ತುಂಬಿಟ್ಟ ನೀರು ಅದು. "ನಲ್ಲಿ ನೀರ್ರೀ, ಒಳ್ಳೇದು, ಇದರಾಗ ಔಷಧ ಐತಿ" ಎಂದು ನನಗೆ ಹೇಳಿದಳು. ನಾನು ಮಡಕೆಯನ್ನು ಕಾಲಿನಿಂದ ಒದ್ದು ಚೆಲ್ಲಿದೆ. ಹೆಂಗಸು ಹೆದರಿ ಗೋಡೆಗೆ ಸರಿದಳು. ಭಾನುವಾರ ಬೆಳಗಿನೊಳಗೆ ಎಲ್ಲ ಮುಗಿಯಿತು. ಹೊಟ್ಟೆಯಲ್ಲಿದ್ದದ್ದೂ ಅವಳ ಜೊತೆಗೇ ಹೋಯಿತು.

ಬಳ್ಳಾರಿಯಿಂದ ದೊಡ್ಡ ಡಾಕ್ಟರು ವಿಚಾರಣೆಗೆ ಬಂದರು. ಏಕಾದಶಿಯ ಸಂಜೆ ಪುಡಿ ಯಾಕೆ ಹಾಕಲಿಲ್ಲ ಎಂದು ಕೇಳಿದರು. ಜಂಬಯ್ಯ ಮಗಳ ಮಣ್ಣು ಮುಗಿಸಿ ಬಂದು ನಾಲ್ಕೇ ದಿನ. ನನ್ನ ಕಡೆ ತಿರುಗಿಯೂ ನೋಡದೆ, "ಮರತೇನ್ರಿ. ಕುಡದಿದ್ದೆ" ಎಂದ. ಅವನು ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ನಾನು ಅವನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ, ಅಕ್ಕಾ. ಬಾಯಿ ತೆರೆಯಲಿಲ್ಲ. ಡಾಕ್ಟರು ಬರೆದುಕೊಂಡರು. ಹೊಸ ವರ್ಷದ ಒಂದನೇ ತಾರೀಖಿಗೆ ಅವನ ಕೆಲಸ ಹೋಗುತ್ತದೆ, ಮೇಲೆ ಕೇಸೂ ಆಗಬಹುದು.

ಆ ಸಂಜೆ ಅವನ ಮನೆಗೆ ಹೋಗಿ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಿಮ್ಮ ಹೆಸರು ಬಂದ್ರ ಅಕ್ಕಾರ ಹೆಸರೂ ಬರತೈತ್ರಿ. ದೇವರಂಥ ಹೆಣಮಗಳು, ಆಕಿ ಸಲುವಾಗಿ ಒಂಬತ್ತು ಮಂದಿ ಸತ್ರು ಅಂತ ಊರು ಆಡ್ಕೋಬಾರದು. ನನ್ನ ಹೊಳೆಮ್ಮ ಅಂತೂ ಹೊಳ್ಳಿ ಬರಂಗಿಲ್ಲ. ಆ ತಾಯಿ ನನ್ನ ಕೈ ನೀರು ಕುಡದ್ಲಲ್ರೀ. ನಮ್ಮಂಥವ್ರ ಕೈಯಾಗಿಂದು ಯಾರು ಕುಡೀತಾರ? ಅದೊಂದು ಉಳೀತು ನನಗ."

ನನಗೆ ಹೆಂಡತಿ ಇದ್ದಾಳೆ, ಕೆಲಸ ಹೋದರೆ ದಾರಿಯಿಲ್ಲ ಎಂದು ದಿನಾ ನನಗೇ ಹೇಳಿಕೊಳ್ಳುತ್ತೇನೆ. ಏನು ಮಾಡಲಿ ಹೇಳು.

ಪ್ರಭು


ಕಂಪ್ಲಿ
26 ಡಿಸೆಂಬರ್ 1936

ಪ್ರಭೂ,

ನಾನು ಕುಡಿಯಲಿಲ್ಲ.

ನಿನ್ನ ಕಾಗದ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ದೇವರ ಮುಂದೆ ಕೂತರೆ ಆ ಹುಡುಗಿ ನೆಲ್ಲಿಕಾಯಿ ತಿನ್ನುತ್ತಾ ನಿಂತದ್ದೇ ಕಾಣುತ್ತದೆ. ಇನ್ನು ಮುಚ್ಚಿಡಲಾರೆ.

ಮೂರು ದ್ವಾದಶಿಯಲ್ಲಿ ಒಂದಕ್ಕೂ ನಿನ್ನ ನಲ್ಲಿಯ ನೀರು ಬಾಯಿಗೆ ಹಾಕಲಿಲ್ಲ. ದ್ವಾದಶಿ ಇರಲಿ, ಆ ಒಂದು ತಿಂಗಳಲ್ಲಿ ಒಂದು ದಿನವೂ ಕುಡಿಯಲಿಲ್ಲ. ನಿನಗೆ ಕಾಣುವ ಹಾಗೆ ಕೊಡ ತುಂಬುತ್ತಿದ್ದೆ. ನೀನು ಟಾಂಕಿಗೆ ಹೋದ ಮೇಲೆ ಬಾಳೆಗಿಡದ ಬುಡಕ್ಕೆ ಸುರಿದು, ಗೋಡೆಯ ಸಂದಿನಿಂದ ದಾಟಿ ಗಂಗಾಬಾಯಿಯ ಹಿತ್ತಲ ಬಾವಿಯಿಂದ ಸೇದಿಕೊಂಡು ಬರುತ್ತಿದ್ದೆ. ಸವಳು ನೀರು, ಬೇಳೆ ಬೇಯುತ್ತಿರಲಿಲ್ಲ. ಅದನ್ನೇ ಕುಡಿದೆ, ಅದರಲ್ಲೇ ತೀರ್ಥ ಮಾಡಿದೆ. ಸೀತಾಬಾಯಿಗೆ ಗೊತ್ತು. ಅವಳನ್ನು ಬೈಯಬೇಡ, ನಾನೇ ಆಣೆ ಹಾಕಿಸಿಕೊಂಡಿದ್ದೆ. ಹೋದ ಕಾಗದದಲ್ಲಿ ಗಂಗಾಬಾಯಿ ಏನಾದರೂ ಹೇಳಿದಳೇ ಎಂದು ಕೇಳಿದ್ದು ಇದಕ್ಕೇ. ನೀನು ನನ್ನ ಸುಳ್ಳು ತಿಳಿದು ಮುನಿದಿದ್ದೀಯೆ ಎಂದುಕೊಂಡೆ. ನನಗೆ ನನ್ನ ಮಾನದ ಚಿಂತೆ. ಅಲ್ಲಿ ಮಣ್ಣಾದವಳ ಚಿಂತೆ ನನಗಿರಲಿಲ್ಲ.

ಇನ್ನೂ ಒಂದು ಮಾತು ಉಳಿದಿದೆ. ತೊಗಲು ನೆಪ. ಪುಡಿಯೂ ನೆಪ. ನೀನು ಮೊದಲ ಕಾಗದದಲ್ಲಿ ಜಂಬಯ್ಯ ಬರಿಗಾಲಲ್ಲಿ ಟಾಂಕಿಯೊಳಗೆ ಇಳಿಯುತ್ತಾನೆ ಎಂದು ಹಿಗ್ಗಿ ಬರೆದಿದ್ದೆಯಲ್ಲ, ಅಂದೇ ನನ್ನ ಮನಸ್ಸು ಮುಚ್ಚಿತು. ಅವನು ಮುಟ್ಟಿದ ನೀರು ನನಗೆ ಬೇಡವಾಗಿತ್ತು. ಹಾಗೆಂದು ಬರೆದರೆ ನೀನು ನನ್ನನ್ನು ಏನೆಂದುಕೊಂಡೀಯೆ ಎಂದು ನಾಚಿಕೆಯಾಯಿತು. ಅದಕ್ಕೆ ನಿನ್ನ ಕೈಯಿಂದ ಆಗದ್ದನ್ನೇ ನೆಪ ಮಾಡಿದೆ. ಪುಡಿ ನೀನು ಬಿಡಿಸುವುದಿಲ್ಲ, ಮಾತು ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದೆ. ನೀನು ಬಿಡಿಸಿಯೇ ಬಿಟ್ಟೆ.

ಆಗಲಾದರೂ ಹೇಳಬಹುದಿತ್ತು. "ಬ್ಯಾಡೋ ಪ್ರಭು, ನಾ ಹೆಂಗೂ ಕುಡಿಯೂದಿಲ್ಲ, ಪುಡಿ ಹಾಕಿಸು" ಅಂತ ಒಂದು ಮಾತು. ಅಷ್ಟು ಹೇಳಿದ್ದರೆ ಒಂಬತ್ತು ಜನ ಇರುತ್ತಿದ್ದರು. ನೀನು ಬಿಲ್ಲೆ ಹಾಕಿದೆ, ಗಾಡಿ ತಂದೆ, ನನ್ನ ಕೊಡ ತುಂಬುವುದನ್ನು ಬಾಗಿಲಲ್ಲಿ ನಿಂತು ಸಣ್ಣ ಹುಡುಗನ ಹಾಗೆ ನೋಡುತ್ತಿದ್ದೆ. ನಿನ್ನ ಮುಖ ಬಾಡುವುದನ್ನು ನೋಡಲಾರದೆ ಚೆನ್ನಾಗಿದೆ, ಎಳನೀರು ಇದ್ದ ಹಾಗಿದೆ ಎಂದೆ. ನನ್ನ ಬಾಯಿ ಸೇದಿಹೋಗಲಿ.

ಏನು ಮಾಡಲಿ ಎಂದು ಕೇಳಿದ್ದೀಯೆ. ಈ ಕಾಗದ ಮುಟ್ಟಿದ ದಿನವೇ ಹೋಗಿ ಆ ಡಾಕ್ಟರಿಗೆ ನಿಜ ಬರೆದುಕೊಡು. ನನ್ನ ಹೆಸರೂ ಬರೆ. ಕೆಲಸ ಹೋದರೆ ಇಬ್ಬರೂ ಇಲ್ಲಿಗೆ ಬನ್ನಿ, ನನಗೆ ಇರುವುದರಲ್ಲಿ ಉಣ್ಣೋಣ. ಆಮೇಲೆ ಜಂಬಯ್ಯನ ಮನೆಗೆ ಹೋಗು. ನಾನು ಕುಡಿಯಲಿಲ್ಲ ಎಂದು ಅವನಿಗೆ ಹೇಳು. ನಾನು ಕುಡಿದೆನೆಂದು ನಂಬಿ ಅವನು ಕಳ್ಳನ ಹಾಗೆ ತಲೆ ತಗ್ಗಿಸಿ ನಿಲ್ಲುವುದು ಬೇಡ. ನನಗೆ ಅವನು ಶಾಪ ಹಾಕಲಿ, ತೆಗೆದುಕೊಳ್ಳುತ್ತೇನೆ.

ಅಕ್ಕ


ಹೊಸಪೇಟೆ
9 ಜನವರಿ 1937

ಅಕ್ಕಾ,

ನಿನ್ನ ಕಾಗದ ಮುಟ್ಟಿತು. ಸೀತಾಳನ್ನು ಬೈಯಲಿಲ್ಲ. ಅವಳೇ ಬಂದು, "ನಾ ಹೇಳಬೇಕಿತ್ತು, ಆಣಿಗಿ ಅಂಜಿದೆ" ಎಂದು ಅತ್ತಳು. ನಿನ್ನ ಮೇಲೆ ಸಿಟ್ಟು ಬಂತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ. ಬಂತು. ನೀನು ಹಿಡಿದು ನಡೆಸಿದ ಕೈಯಿಂದಲೇ ಬರೆಯುತ್ತಿದ್ದೇನೆ, ಭಾಳ ಸಿಟ್ಟು ಬಂತು. ಆಮೇಲೆ ಹಿತ್ತಲಿಗೆ ಹೋಗಿ ಆ ಬಾಳೆಗಿಡದ ಹತ್ತಿರ ಕೂತೆ. ಪುಡಿ ಬಿಡಿಸು ಎಂದು ನೀನು ಬರೆದಿರಲಿಲ್ಲ. ಬಿಡಿಸಿದವನು ನಾನು. ನನಗೆ ತಿಳಿದಿತ್ತು, ನಿನಗೆ ತಿಳಿದಿರಲಿಲ್ಲ. ನನ್ನ ಅಕ್ಕನೊಬ್ಬಳು ಮೆಚ್ಚಿದರೆ ಸಾಕೆಂದು ಊರಿನ ಬಾಯಿಗೆ ಏನು ಬೀಳುತ್ತದೆಂದು ನೋಡಲಿಲ್ಲ.

ಎರಡನೇ ತಾರೀಖು ಬಳ್ಳಾರಿಗೆ ಹೋಗಿ ಡಾಕ್ಟರಿಗೆ ಎಲ್ಲ ಬರೆದುಕೊಟ್ಟೆ. ನಿನ್ನ ಹೆಸರು ಬರೆಯಲಿಲ್ಲ. ಮನೆಯವರ ವ್ರತಕ್ಕಾಗಿ ನಾನೇ ಆಜ್ಞೆ ಮಾಡಿದೆ ಎಂದು ಬರೆದೆ. ಅವರು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಕೇಸಿನ ಮಾತು ಇನ್ನೂ ತೀರ್ಮಾನವಾಗಿಲ್ಲ. ಜಂಬಯ್ಯನನ್ನು ಮತ್ತೆ ಸೇರಿಸಿಕೊಂಡರು.

ನಿನ್ನೆ ಸಂಜೆ ಅವನ ಮನೆಗೆ ಹೋದೆ. ಗಂಡಹೆಂಡತಿ ಇಬ್ಬರೂ ಇದ್ದರು. ನನಗೆ ಗೋಣಿತಟ್ಟು ಹಾಸಿ, "ಕುಂದ್ರಿ ಸಾಹೇಬ್ರ" ಎಂದ. ಡಾಕ್ಟರಿಗೆ ಬರೆದುಕೊಟ್ಟದ್ದು ಅವನಿಗೆ ಆಗಲೇ ಗೊತ್ತಾಗಿತ್ತು. "ನಿಮಗ್ಯಾಕ ಬೇಕಿತ್ರಿ ಇದು, ನಾ ಹೆಂಗೋ ತಡಕೋತಿದ್ದೆ" ಎಂದು ನನಗೇ ಸಮಾಧಾನ ಹೇಳತೊಡಗಿದ. ಆಗ ಹೇಳಬೇಕಾಯಿತು. ಅಕ್ಕ ಆ ನೀರು ಕುಡಿಯಲಿಲ್ಲ ಜಂಬಯ್ಯಾ, ಒಂದು ದಿನವೂ ಕುಡಿಯಲಿಲ್ಲ ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ಅವನಿಗೆ ಅರ್ಥವಾಯಿತು. ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದ. ಬೈದಿದ್ದರೆ ಚೆನ್ನಾಗಿತ್ತು. "ಪುಡಿ ಹಾಕೂ ಹೊತ್ತಾತ್ರಿ" ಎಂದು ಎದ್ದು, ರುಮಾಲು ಸುತ್ತಿಕೊಂಡು ಹೊರಟುಹೋದ. ನನ್ನ ಕಡೆ ನೋಡಲಿಲ್ಲ.

ಉಚ್ಚೆಂಗಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗೆ ನನ್ನ ಮಾತು ಪೂರ್ತಿ ತಿಳಿದಿರಲಿಲ್ಲವೆಂದು ಕಾಣುತ್ತದೆ. "ಅಕ್ಕಾರು ಒಂದು ಗುಟುಕೂ ಕುಡೀಲಿಲ್ಲೇನ್ರಿ?" ಎಂದು ಕೇಳಿದಳು.

ಇಲ್ಲ ಎಂದೆ.

"ಕುಡಿಯಂಗಿಲ್ಲ ಅಂದ ಮ್ಯಾಲೆ ಪುಡಿ ಯಾಕ ಬಿಡಿಸಿದ್ರಿ?" ಎಂದಳು. ಸಿಟ್ಟಿನಿಂದ ಅಲ್ಲ ಅಕ್ಕಾ, ನಿಜವಾಗಿಯೂ ತಿಳಿಯದೆ ಕೇಳಿದಳು. ಉತ್ತರಕ್ಕೆ ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಾನು ಎದ್ದು ಬಂದೆ.

ಆ ಹೆಂಗಸಿಗೆ ನಾನು ಏನು ಹೇಳಲಿ? ನೀನೇ ಬಂದು ಹೇಳು.

ಪ್ರಭು